ಸಾಂಬಪ್ಪನ ನೆತ್ತರಲ್ಲಿ ಹೊರಬಾಯಿ

ಹೆಬ್ಬೆರಳಿಗೆ ಇರುವ ಹಾಗೆ ಮನುಷ್ಯನ ಬಾಯಿಗೂ ಒಂದು ಗುರುತಿದೆ ಎಂಬುದು ಪಾರವ್ವನಿಗೆ ಗೊತ್ತಾದದ್ದು ಗಂಡನ ಕಿಡ್ನಿಗಳು ಕೈಕೊಟ್ಟ ಮೇಲೆ. ಅಲ್ಲಿಯವರೆಗೆ ಬಾಯಿ ಎಂದರೆ ಉಣ್ಣುವುದಕ್ಕೆ ಮತ್ತು ನಲ್ಲಿಯ ಮುಂದೆ ಜಗಳಾಡುವುದಕ್ಕೆ ದೇವರು ಕೊಟ್ಟದ್ದು ಎಂದಷ್ಟೇ ಅವಳು ತಿಳಿದಿದ್ದಳು. ಬಾಗಲಕೋಟೆಯ ಡಯಾಲಿಸಿಸ್ ಕೇಂದ್ರದ ಡಾಕ್ಟರ್ ನಫೀಸಾ ಅವಳನ್ನು ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಒಬ್ಬೊಬ್ಬರ ಬಾಯಲ್ಲೂ ಕೋಟಿಗಟ್ಟಲೆ ಜೀವಾಣುಗಳು ವಾಸವಾಗಿರುತ್ತವೆ. ಯಾವ ತಳಿಯವು ಯಾವ ಹಲ್ಲಿನ ಸಂದಿಯಲ್ಲಿ ಬಿಡಾರ ಹೂಡಿವೆ ಎಂಬುದು ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ.

ವಸಡು ಗಟ್ಟಿಯಾಗಿದ್ದರೆ ಅವು ತಮ್ಮ ಪಾಡಿಗೆ ತಾವಿರುತ್ತವೆ. ವಸಡು ಬಾತು ರಕ್ತ ಜಿನುಗತೊಡಗಿದರೆ ಹಲ್ಲುಜ್ಜುವಾಗಲೇ ನೆತ್ತರಿಗೆ ಇಳಿಯುತ್ತವೆ. ಗಟ್ಟಿಮುಟ್ಟಾದವರ ಮೈ ಅಂಥವನ್ನು ಹಿಡಿದು ಮುಗಿಸಿಬಿಡುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೈಗೆ ಆ ಕಸುವು ಇರುವುದಿಲ್ಲ. ಅದರ ಮೇಲೆ ಕುತ್ತಿಗೆಯಲ್ಲಿ ತೂರಿಸಿದ ನಳಿಕೆ ಬೇರೆ, ಜೀವಾಣು ಬಂದು ಕೂರಲು ಕಟ್ಟೆ ಕಟ್ಟಿಟ್ಟ ಹಾಗೆ. ಅಲ್ಲಿಂದ ಅದು ಹೃದಯದ ಕವಾಟಕ್ಕೆ ಹೋಗಿ ಅಂಟಿಕೊಂಡರೆ ಮುಂದಿನದು ಕಷ್ಟ.

ಅದಕ್ಕೆಂದೇ ಆ ಕೇಂದ್ರದಲ್ಲಿ ಪಹರೆ ಎಂಬ ಹೊಸ ಯಂತ್ರ ಬಂದಿತ್ತು. ಬೆಂಕಿಪೊಟ್ಟಣದಷ್ಟೇ ಇರುವ ಅದನ್ನು ಮೈಯಿಂದ ನೆತ್ತರು ಹೊರಬರುವ ಕೊಳವೆಗೆ ಕಚ್ಚಿಸಿಬಿಟ್ಟರೆ, ಹರಿಯುವ ನೆತ್ತರಲ್ಲಿ ಒಂದೇ ಒಂದು ಜೀವಾಣು ತೇಲಿ ಬಂದರೂ ಹಿಡಿದು, ಅದರ ಕುಲಗೋತ್ರ ಓದಿ, ಮಾಳಿಗೆಯ ಮೇಲಿನ ನಿಗಾ ಕೋಣೆಗೆ ಸುದ್ದಿ ಮುಟ್ಟಿಸುತ್ತಿತ್ತು. ಚರ್ಮದ್ದಾದರೆ ನಳಿಕೆಯ ಪಟ್ಟಿ ಬದಲಿಸುವುದು, ನೀರಿನದಾದರೆ ನೀರಿನ ಘಟಕ ನಿಲ್ಲಿಸುವುದು, ರೋಗಿಯ ಬಾಯಿಯದೇ ಆದರೆ ಹಲ್ಲಿನ ಡಾಕ್ಟರನ್ನು ಕರೆಸುವುದು. ಮೊದಲೆಲ್ಲ ಜ್ವರ ಬಂದು ಮೈ ನಡುಗಿದ ಮೇಲೆ ಹುಡುಕಾಟ ಶುರುವಾಗುತ್ತಿತ್ತು. ಪಹರೆ ಬಂದ ಮೇಲೆ ಜ್ವರಕ್ಕಿಂತ ಮುಂಚೆಯೇ ಸುಳಿವು ಸಿಗುತ್ತಿತ್ತು.

ಪಾರವ್ವನ ಗಂಡ ಸಾಂಬಪ್ಪ ಗುಳೇದಗುಡ್ಡದ ನೇಕಾರ. ಕುಪ್ಪಸದ ಖಣ ನೇಯುವುದರಲ್ಲಿ ಅವನ ಕೈ ಪಳಗಿದ್ದು ಊರಿಗೆಲ್ಲ ಗೊತ್ತು. ಪಹರೆ ಬರುವ ಮುಂಚೆ ಅವನ ನೆತ್ತರಿಗೆ ಎರಡು ಸಲ ನಂಜೇರಿತ್ತು. ಎರಡನೆಯ ಸಲ ಅವನು ಬದುಕಿದ್ದೇ ಹೆಚ್ಚು. ಕವಾಟ ಆಗಲೇ ಬಾತಿದೆ, ಇನ್ನೊಂದು ಸಲವಾದರೆ ಅದು ತಡೆಯುವುದಿಲ್ಲ ಎಂದು ಹೃದಯದ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಂದಿನಿಂದ ಪಾರವ್ವ ಗಂಡನ ಬಾಯಿಯ ಉಸ್ತುವಾರಿಯನ್ನು ತಾನೇ ವಹಿಸಿಕೊಂಡಳು. ಮೆತ್ತನೆಯ ಬ್ರಷ್ಷು, ಉಪ್ಪುನೀರು, ಉಂಡ ಮೇಲೊಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ. ಅವಳು ದೇವರ ಜಗಲಿಯನ್ನೂ ಅಷ್ಟು ಚೊಕ್ಕಟವಾಗಿ ಇಟ್ಟವಳಲ್ಲ.

ಹೀಗಿರುವಾಗ ಒಂದು ಡಯಾಲಿಸಿಸ್ ದಿನ ಅವಳಿಗೆ ನಿಗಾ ಕೋಣೆಯಿಂದ ಕರೆ ಬಂತು. ಗೋಡೆಯ ತುಂಬ ಪರದೆಗಳು, ಒಂದೊಂದರಲ್ಲೂ ಕೆಳಗೆ ಮಲಗಿದ ಒಬ್ಬೊಬ್ಬರ ನೆತ್ತರಿನ ವರದಿ. ಸಾಂಬಪ್ಪನ ಪರದೆಯ ಮೂಲೆ ಕೆಂಪಾಗಿತ್ತು.

"ಕುಂದರ್ರಿ ಪಾರವ್ವಾರ," ಎಂದರು ನಫೀಸಾ. "ಪಹರೆ ಇವತ್ತ ಒಂದೀಟು ಜೀವಾಣು ಹಿಡದೈತಿ."

ಪಾರವ್ವ ಕುರ್ಚಿಯ ಅಂಚಿಗೆ ಸರಿದಳು. "ಮತ್ತ ಬಂತೇನ್ರಿ ಅದು?"

"ಅಂಜಬ್ಯಾಡ್ರಿ. ಜ್ವರ ಬರೂದರೊಳಗ ಸಿಕ್ಕಾವು, ಔಷಧ ಸುರು ಮಾಡೇವಿ. ಆದ್ರ ಒಂದು ಮಾತು ನಿಮಗ ಕೇಳಬೇಕಾಗೈತಿ. ಇವು ನಿಮ್ಮ ಯಜಮಾನ್ರ ಬಾಯಾಗಿನವು ಅಲ್ಲ."

"ಮತ್ತ ಯಾರ ಬಾಯಾಗಿನವ್ರಿ?"

ನಫೀಸಾ ಪರದೆಯ ಕಡೆ ಬೆರಳು ತೋರಿಸಿದರು. 'ಹೊರಬಾಯಿ' ಎಂದು ಅಲ್ಲಿ ಬರೆದಿತ್ತು, ಎಂದರೆ ಬೇರೊಬ್ಬರ ಬಾಯಿಯದು. ಹಿಂದಿನ ಎರಡೂ ನಂಜಿನ ಮಾದರಿಗಳನ್ನು ತಂಪುಪೆಟ್ಟಿಗೆಯಿಂದ ತೆಗೆದು ನೋಡಿದರೆ ಅವೂ ಇದೇ ತಳಿಯವು, ಇದೇ ಬಾಯಿಯವು. ಎಂದೋ ಒಮ್ಮೆ ತಾಕಿದ್ದಕ್ಕೆ ಹೀಗಾಗುವುದಿಲ್ಲ, ದಿನದಿನವೂ ಬಾಯಿಂದ ಬಾಯಿಗೆ ಹೋಗಬೇಕು. ಇಷ್ಟು ಹೇಳಿ ನಫೀಸಾ ದನಿ ತಗ್ಗಿಸಿದರು. "ತಪ್ಪು ತಿಳೀಬ್ಯಾಡ್ರಿ. ನಿಮ್ಮ ಬಾಯಿ ಗುರುತು ನಾವು ಹೋದ ವರ್ಷನ ತೊಗೊಂಡೇವಿ. ನಿಮ್ಮದಲ್ಲ."

ತನ್ನದಲ್ಲ ಎಂದರೆ ಯಾರದು? ಪಾರವ್ವ ಮೆಟ್ಟಿಲಿಳಿಯುವಷ್ಟರಲ್ಲಿ ಅವಳ ಮನಸ್ಸು ಊರನ್ನೆಲ್ಲ ಒಂದು ಸುತ್ತು ಹಾಕಿ ಬಂತು. ನೂಲು ತರಲು ಹೋದವನು ಹೊತ್ತುಗಟ್ಟಲೆ ಕೂರುವ ಬಣ್ಣದ ಅಂಗಡಿಯಲ್ಲಿ ಆ ನಗೆಮೊಗದವಳು ಇದ್ದಾಳಲ್ಲ, ಅವಳೇ? ಇಲ್ಲ, ಚಹಾ ಕುಡಿಯಲು ಹೋಗುವ ಕಡೆಯವಳೇ? ಮನೆಗೆ ಬಂದು ಚೀಲ ಇಳಿಸಿದವಳೇ ನೇರವಾಗಿ ಕೇಳಿಬಿಟ್ಟಳು.

ಸಾಂಬಪ್ಪ ಮೊದಲು ಕಣ್ಣು ಬಿಟ್ಟ, ಆಮೇಲೆ ಕೆಮ್ಮು ಬರುವಷ್ಟು ನಕ್ಕ. "ನಿನಗೇನರ ತಲಿ ಐತೇನ ಪಾರೂ? ಹೊಸ್ತಿಲಾ ದಾಟಿದ್ರ ಏದುಸಿರು ಬಿಡಾವ ನಾನು. ಕುತ್ತಿಗ್ಯಾಗ ಕೊಳವಿ ಜೋತಾಡತೈತಿ. ಇಂಥಾವನ್ನ ಯಾಕಿ ಮೂಸಿ ನೋಡ್ತಾಳ?"

"ನಗಬ್ಯಾಡ್ರಿ. ಮಶೀನು ಸುಳ್ಳು ಹೇಳತೈತೇನು?"

"ಮಶೀನಿಗೆ ಏನ ಗೊತ್ತ ನನ್ನ ಸಂಸಾರ?"

ರಾಟಿಯ ಮುಂದೆ ಕೂತಿದ್ದ ತುಳಜಕ್ಕ ಕೈ ನಿಲ್ಲಿಸಿ ಇಬ್ಬರನ್ನೂ ದಿಟ್ಟಿಸಿದಳು. ಸಾಂಬಪ್ಪನಿಗಿಂತ ಹತ್ತು ವರ್ಷಕ್ಕೆ ಹಿರಿಯಳಾದ ಅಕ್ಕ ಅವಳು. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. "ಅಂವ ಹಂಗ ಮಾಡಾವಲ್ಲ ಬಿಡ ಪಾರೂ," ಎಂದಳು. "ಅವನ್ನ ಸಾಕಿದಾಕಿ ನಾನು. ನನಗ ಗೊತ್ತಿಲ್ಲೇನು?" ಪಾರವ್ವ ಚೀಲ ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ಬಿಟ್ಟು ನಫೀಸಾ ತಾವೇ ಗುಳೇದಗುಡ್ಡಕ್ಕೆ ಬಂದರು. ಅಂಥ ರೋಗಿಯ ಮನೆಗೆ ಹೋಗಿ ನೋಡಿದ ಹೊರತು ಅವರಿಗೆ ಸಮಾಧಾನವಿರಲಿಲ್ಲ. ಮನೆಯಲ್ಲಿ ಇದ್ದವರು ಮೂವರೇ. ಮೂವರ ವಸಡಿಗೂ ಹತ್ತಿ ಸುತ್ತಿದ ಕಡ್ಡಿ ಸವರಿ ಡಬ್ಬಿಗೆ ಹಾಕಿಕೊಂಡು, "ಎಂಜಲು ಹಂಚ್ಕೊಂಡು ಉಣ್ಣೂ ರೂಢಿ ಐತೇನ್ರಿ?" ಎಂದು ಕೇಳಿದರು.

ಕೇಳಬಾರದ್ದನ್ನು ಕೇಳಿದ ಹಾಗೆ ತುಳಜಕ್ಕನ ಮುಖ ಕೆಂಪೇರಿತು. "ಎಂಜಲಾ? ನಮ್ಮ ಮನ್ಯಾಗಾ? ನಂದ ತಂಬಿಗಿ ನಂದ, ನಂದ ಗಂಗಾಳ ನಂದ. ಒಬ್ಬರು ಕಚ್ಚಿದ ಹಣ್ಣು ಇನ್ನೊಬ್ಬರು ಮುಟ್ಟಂಗಿಲ್ರಿ ಡಾಕ್ಟರವ್ರ. ನೀರು ಸೈತ ಎತ್ತಿ ಕುಡೀತೇವಿ."

ಅದು ಅಕ್ಷರಶಃ ನಿಜ. ಆ ಮನೆಯ ಮಡಿ ಓಣಿಗೆಲ್ಲ ಗೊತ್ತಿತ್ತು. ನಫೀಸಾ ಚಹಾ ಕುಡಿದು ಲೋಟವನ್ನು ತಾವೇ ತೊಳೆದಿಟ್ಟು ಹೋದರು. ಮರುದಿನ ಮಧ್ಯಾಹ್ನ ಪಾರವ್ವನಿಗೆ ಫೋನು ಬಂತು.

"ಆ ಬಾಯಿ ತುಳಜಕ್ಕನವರದು ಪಾರವ್ವಾರ. ಅವರ ವಸಡು ಪೂರಾ ಕೆಟ್ಟಾವು. ಆದ್ರ ಅವರ ಬಾಯಿಂದ ಇವರ ಬಾಯಿಗೆ ಹೆಂಗ ಹೋಗಾಕತ್ತಾವು ಅನ್ನೂದ ನನಗ ತಿಳೀವಲ್ದು. ನೀವ ಸ್ವಲ್ಪ ನೋಡ್ರಿ."

ಗಂಡನ ಮೇಲೆ ಅನುಮಾನಪಟ್ಟದ್ದಕ್ಕೆ ಪಾರವ್ವನಿಗೆ ಮೊದಲು ನಾಚಿಕೆಯೇ ಆಯಿತು. ಆಮೇಲೆ ತುಳಜಕ್ಕನ ಬಾಯಿ ನೆನಪಾಯಿತು. ತುಳಜಕ್ಕ ಐವತ್ತು ವರ್ಷದಿಂದ ಹಲ್ಲಿಗೆ ಸುಟ್ಟ ತಂಬಾಕಿನ ಪುಡಿ ತಿಕ್ಕುತ್ತಿದ್ದವಳು. ವಸಡಿನಲ್ಲಿ ರಕ್ತ ಬಂದರೆ ಉಗಿದು ಸುಮ್ಮನಾಗುತ್ತಿದ್ದಳೇ ಹೊರತು ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ಆದರೆ ಆ ಬಾಯಿಗೂ ಈ ಬಾಯಿಗೂ ಎಲ್ಲಿಯ ನಂಟು?

ಫೋನು ಕೆಳಗಿಟ್ಟು ಪಾರವ್ವ ಮಗ್ಗದ ಕೋಣೆಯ ಬಾಗಿಲಲ್ಲಿ ಕೂತಳು. ಡಯಾಲಿಸಿಸ್ ಇಲ್ಲದ ದಿನ ಸಾಂಬಪ್ಪ ಮಗ್ಗದಡಿಯ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಒಂದಿಷ್ಟು ನೇಯುತ್ತಿದ್ದ. ಕೈ ಖಾಲಿ ಇದ್ದರೆ ಜೀವ ಹೋಗುತ್ತದೆ ಎಂದು ಅವನು ಹಟ ಹಿಡಿದದ್ದಕ್ಕೆ ಡಾಕ್ಟರೂ ಒಪ್ಪಿದ್ದರು. ಪಕ್ಕದಲ್ಲಿ ತುಳಜಕ್ಕ ರಾಟಿಯಲ್ಲಿ ಕಂಡಿಕೆ ಎಂಬ ಪುಟ್ಟ ಕೊಳವೆಗೆ ನೂಲು ಸುತ್ತುತ್ತಿದ್ದಳು. ಸುತ್ತಿದ ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿ, ನೂಲಿನ ತುದಿಯನ್ನು ಲಾಳಿಯ ಕಣ್ಣಿನ, ಎಂದರೆ ಪಕ್ಕದ ಸಣ್ಣ ತೂತಿನ, ಹತ್ತಿರ ಒಳಗಿನಿಂದ ಹಿಡಿದು, ಹೊರಗಿನಿಂದ ಆ ಕಣ್ಣಿಗೆ ತುಟಿ ಇಟ್ಟು ಸರಕ್ಕನೆ ಹೀರಿದಳು. ನೂಲು ತೂತಿನಿಂದ ಹೊರಗೆ ಬಂತು. ಲಾಳಿಯನ್ನು ತಮ್ಮನ ಕೈಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ನೂಲು ತುಂಡಾಯಿತು. ಸಾಂಬಪ್ಪ ಅದೇ ಲಾಳಿಯನ್ನು ಎತ್ತಿ, ಅದೇ ಕಣ್ಣಿಗೆ ತುಟಿ ಇಟ್ಟು ಹೀರಿದ.

ಪಾರವ್ವ ಅದನ್ನು ಸಾವಿರಾರು ಸಲ ನೋಡಿದ್ದಳು. ಅವಳ ತವರಿನಲ್ಲೂ ಹಾಗೆಯೇ, ಓಣಿಯ ಎಲ್ಲ ಮಗ್ಗಗಳಲ್ಲೂ ಹಾಗೆಯೇ. ಮಗ್ಗ ದೇವರು, ಲಾಳಿ ದೇವರ ಸಾಮಾನು, ಅದಕ್ಕೆ ಎಂಜಲಿನ ಮಾತೇ ಇಲ್ಲ. ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಮುಟ್ಟದ ಮನೆಯಲ್ಲಿ ಒಂದೇ ಲಾಳಿಗೆ ಎಷ್ಟು ಬಾಯಿ ಬಿದ್ದರೂ ಯಾರಿಗೂ ಅದು ಎಂಜಲು ಎಂದು ಹೊಳೆದಿರಲಿಲ್ಲ. ಮೊದಲು ಸಾಂಬಪ್ಪ ತನ್ನ ಲಾಳಿಯನ್ನು ತಾನೇ ಸಜ್ಜು ಮಾಡಿಕೊಳ್ಳುತ್ತಿದ್ದ. ಕಾಯಿಲೆ ಬಿದ್ದು ಉಸಿರು ಸಾಲದಾದಾಗ, ತಮ್ಮನಿಗೆ ದಣಿವಾಗದಿರಲಿ ಎಂದು ತುಳಜಕ್ಕ ಆ ಕೆಲಸ ತನ್ನದು ಮಾಡಿಕೊಂಡಿದ್ದಳು. ನಂಜು ಶುರುವಾದದ್ದೂ ಆಮೇಲೆಯೇ.

"ನಿಲ್ಲಸ್ರಿ!" ಎಂದು ಪಾರವ್ವ ಕಿರುಚಿದಳು. ಸಾಂಬಪ್ಪನ ಕೈಯಿಂದ ಲಾಳಿ ಕಸಿದುಕೊಂಡು, ತಡವರಿಸುತ್ತ, ನಫೀಸಾ ಹೇಳಿದ್ದನ್ನೂ ತಾನು ಕಂಡದ್ದನ್ನೂ ಹೇಳಿ ಮುಗಿಸಿದಳು. ಅವಳಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂಬುದು ತಿಳಿಯುತ್ತಿರಲಿಲ್ಲ.

ತುಳಜಕ್ಕ ಅಳಲಿಲ್ಲ. ರಾಟಿಯನ್ನು ಗೋಡೆಗೆ ಸರಿಸಿದಳು. ಹಿತ್ತಲಿಗೆ ಹೋಗಿ ತಂಬಾಕಿನ ಪುಡಿಯ ಡಬ್ಬಿಯನ್ನು ಚರಂಡಿಗೆ ಬಗ್ಗಿಸಿ ಬಂದಳು. ತನ್ನ ಎರಡು ಸೀರೆ ಚೀಲಕ್ಕೆ ತುಂಬಿಕೊಂಡಳು.

"ಎಲ್ಲಿಗೆ ಹೊಂಟೀಯಕ್ಕಾ?" ಎಂದ ಸಾಂಬಪ್ಪ ಕುಣಿಯಿಂದ ಏಳಲಾರದೆ.

"ಕೆರೂರಾಗ ಚಿಗವ್ವನ ಮಗಳದಾಳ. ಅಲ್ಲಿ ಇರ್ತೀನಿ. ಕೈಯಾರ ಕೊಲ್ಲೂದು ಬಾಕಿ ಇತ್ತು ತಮ್ಮಾ ನಾನು ನಿನ್ನ."

ಸಾಂಬಪ್ಪ ಕೂತಲ್ಲೇ ಅಕ್ಕನ ಸೀರೆಯ ಸೆರಗು ಹಿಡಿದುಕೊಂಡ. ಐವತ್ತು ದಾಟಿದ ಗಂಡಸು ಹಾಗೆ ಸೆರಗು ಹಿಡಿದು ಕೂತದ್ದನ್ನು ನೋಡಿ ಪಾರವ್ವನ ಸಿಟ್ಟು ಇಳಿದುಹೋಯಿತು. ಅವಳು ತುಳಜಕ್ಕನ ಕೈಯಿಂದ ಚೀಲ ತೆಗೆದುಕೊಂಡು ಒಳಗಿಟ್ಟಳು.

ಮರುದಿನವೇ ತುಳಜಕ್ಕನನ್ನು ಕರೆದುಕೊಂಡು ಪಾರವ್ವ ಬಾಗಲಕೋಟೆಗೆ ಹೋದಳು. ಹಲ್ಲಿನ ಡಾಕ್ಟರು ಅಲುಗುತ್ತಿದ್ದ ಹಲ್ಲುಗಳನ್ನು ಕಿತ್ತು, ಉಳಿದವಕ್ಕೆ ಚಿಕಿತ್ಸೆ ಮಾಡುವುದಕ್ಕೆ ದಿನ ಗೊತ್ತುಮಾಡಿದರು. ಸಾಂಬಪ್ಪನ ನೆತ್ತರಿನಲ್ಲಿ ಔಷಧ ಕೆಲಸ ಮಾಡಿತ್ತು, ಪರದೆಯ ಕೆಂಪು ಹೋಗಿತ್ತು. ಎಲ್ಲ ಮುಗಿಯಿತು ಎಂದು ಪಾರವ್ವ ಉಸಿರು ಬಿಡುವಷ್ಟರಲ್ಲಿ ನಫೀಸಾ ಮತ್ತೆ ನಿಗಾ ಕೋಣೆಗೆ ಕರೆದರು.

"ಇನ್ನೂ ಒಂದು ಕಂಟಕ ಐತಿ ಪಾರವ್ವಾರ. ಮೂರು ಸಲದ ಔಷಧದಾಗ ನಿಮ್ಮ ಯಜಮಾನ್ರ ಬಾಯಿ ಬಯಲಾಗೈತಿ. ಕೆಟ್ಟ ಜೀವಾಣು ಸತ್ತಾವು, ಅವನ್ನ ತಡ್ಯೂ ಒಳ್ಳೇವೂ ಸತ್ತಾವು. ಕಳ್ಳರ ಜೋಡಿ ಪೊಲೀಸರನ್ನೂ ಊರು ಬಿಡಿಸಿದಂಗ ಆಗೈತಿ. ಯಾರ ಬಾಯಿಂದ ಆಗಲಿ, ಖಾಲಿ ಬಾಯಿಗೆ ಮೊದಲು ಕಳ್ಳ ಬಂದು ಕುಂತ್ರ ಆ ಕವಾಟ ತಡ್ಯಂಗಿಲ್ಲ."

"ಹಂಗಾರ ಪೊಲೀಸರನ್ನ ತಂದು ಕೂಡಸ್ರಿ."

ನಫೀಸಾ ನಕ್ಕರು. "ಅದನ್ನ ಹೇಳಾಕ ಕರದೀನಿ. ಕಾಯಿಲಿ ಸುರು ಆದಾಗ ಅವರದೊಂದು ಬಾಯಿ ಗುರುತು ತೊಗೊಂಡಿದ್ದೆವಲ್ಲ, ಅದರಾಗ ಒಂದು ಒಳ್ಳೆ ತಳಿ ಇತ್ತು. ವಸಡಿನ ಅಂಚಿನಾಗ ಕುಂತು ಕೆಟ್ಟವನ್ನ ಒಳಗ ಬಿಡತಿರಲಿಲ್ಲ. ಈಗ ಅದು ಅವರ ಬಾಯಾಗ ಉಳದಿಲ್ಲ. ನಮ್ಮಲ್ಲಿರೂ ಎಲ್ಲಾ ಬಾಯಿ ಗುರುತಿನಾಗ ಹುಡುಕಿದೆ, ಅದೇ ತಳಿ ಉಳದಿದ್ದು ಒಂದೇ ಒಂದು ಬಾಯಾಗ. ತುಳಜಕ್ಕನವರ ಬಾಯಾಗ."

"ಲಾಳಿಯಿಂದ ಹೋಗಿರಬೇಕ್ರಿ."

"ಅಲ್ಲ. ಇದು ದೊಡ್ಡವರ ಬಾಯಾಗ ಹೊಸದಾಗಿ ಬೇರು ಬಿಡಂಗಿಲ್ಲ. ಹಲ್ಲು ಮೂಡೂ ಕೂಸಿನ ಬಾಯಾಗ ಬಂದು ಕುಂತ್ರ ಜೀವಮಾನಾ ಇರತೈತಿ. ಸಾಮಾನ್ಯ ತಾಯಿಂದ ಮಗುವಿಗೆ ಬರತೈತಿ. ಎರಡೂ ತಳಿ ಪಕ್ಕಾಪಕ್ಕ ಇಟ್ಟು ನೋಡಿದ್ರ, ಒಂದ ಬೇರಿನಿಂದ ಒಡದು ಐವತ್ತು ವರ್ಷ ಆಗೈತಿ ಅಂತ ತೋರಿಸಾಕತ್ತೈತಿ. ಅವರ ತಾಯಿಯಿಂದ ಇಬ್ಬರಿಗೂ ಬಂದಿರಬೇಕು."

ಪಾರವ್ವ ತಲೆಯಾಡಿಸಿದಳು. "ಅತ್ತಿ ಇವರನ್ನ ಹಡದ ದಿನಾನ ತೀರಿಕೊಂಡ್ರಂತ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಫೀಸಾ ಮುಂದೇನು ಮಾಡಬೇಕೆಂಬುದನ್ನಷ್ಟೇ ವಿವರಿಸಿದರು. ತುಳಜಕ್ಕನ ವಸಡಿಗೆ ಚಿಕಿತ್ಸೆ ಮಾಡುವ ಮುಂಚೆ ಆ ಒಳ್ಳೆಯ ತಳಿಯನ್ನು ಸವರಿಕೊಂಡು, ಪ್ರಯೋಗಾಲಯದಲ್ಲಿ ಅದೊಂದನ್ನೇ ಬೇರೆ ಮಾಡಿ ಬೆಳೆಸಿ, ಬಯಲಾದ ಬಾಯಿಗೆ ಹಚ್ಚುವುದು. ದೊಡ್ಡವರ ಬಾಯಲ್ಲಿ ಅದಕ್ಕೆ ಜಾಗ ಸಿಗದಿರುವುದು ಬೇರೆಯವು ತುಂಬಿಕೊಂಡಿರುವುದರಿಂದ. ಸಾಂಬಪ್ಪನ ಬಾಯಿ ಈಗ ಕೂಸಿನ ಬಾಯಿಯಂತೆ ಖಾಲಿ ಇತ್ತು. ಮಾಡುವುದಾದರೆ ಬೇಗ ಮಾಡಬೇಕಿತ್ತು.

ಕೆಳಗೆ ಬೆಂಚಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ ತುಳಜಕ್ಕ ಮಾತು ಪೂರ್ತಿ ಕೇಳುವ ಮುಂಚೆಯೇ ಎದ್ದು ನಿಂತಳು. "ಆಗಂಗಿಲ್ಲ. ಗೊತ್ತಿಲ್ಲದ ಮಾಡಿದ್ದ ಸಾಕಾಗೈತಿ. ಗೊತ್ತಿದ್ದೂ ನನ್ನ ಎಂಜಲ ಅವನ ಬಾಯಿಗೆ ಹಾಕೂದಾ? ಇದರಾಗೂ ಏನರ ವಿಷ ಇದ್ರ? ಈ ಬಾಯಿ ಸುದ್ದಿನ ಬ್ಯಾಡ ಪಾರೂ. ಬೇಕಾದ್ರ ಎಲ್ಲಾ ಹಲ್ಲು ಕಿತ್ತು ಹಾಕ್ರಿ, ನಾ ಒಲ್ಲೆ ಅನ್ನಂಗಿಲ್ಲ."

ಡಾಕ್ಟರು ಸಮಜಾಯಿಷಿ ಹೇಳಿ ಸೋತರು. ಪಾರವ್ವ ಅವಳನ್ನು ಮತ್ತೆ ಕೂರಿಸಿ, ಪಕ್ಕದಲ್ಲಿ ಕೂತು, ಒಂದೇ ಪ್ರಶ್ನೆ ಕೇಳಿದಳು.

"ಅಕ್ಕಾರ, ಇವರು ಕೂಸಿದ್ದಾಗ ಏನ ತಿನಸ್ತಿದ್ರಿ?"

ತುಳಜಕ್ಕ ಬಾಯಿಂದ ಸೆರಗು ತೆಗೆದಳು. "ಮೊದಲ ಓಣ್ಯಾಗಿನ ಬಾಣಂತ್ಯಾರು ಹಾಲ ಕುಡಸಿದ್ರು. ಆಮ್ಯಾಲ ಯಾರ ಕುಡಸ್ತಾರ? ಅಪ್ಪ ಮಗ್ಗದಾಗ. ನನಗ ಹತ್ತು ವರ್ಷ. ಹಸದು ಅಳತಿತ್ತು ಕೂಸು. ರೊಟ್ಟಿ ಗಟ್ಟಿ, ಅದಕ್ಕ ಹಲ್ಲಿಲ್ಲ. ನಾನ ಅಗದು ಮೆತ್ತಗ ಮಾಡಿ ಬಾಯಾಗ ಇಡ್ತಿದ್ದೆ. ಗುಬ್ಬಿ ಮರೀಗತೆ ಬಾಯಿ ತಗೀತಿದ್ದ."

"ಅದು ಎಂಜಲಾ ಅಕ್ಕಾರ?"

ಪಾರವ್ವ ಅವಳ ಕೈ ಹಿಡಿದುಕೊಂಡಳು. "ಡಾಕ್ಟರವ್ರು ಐವತ್ತು ವರ್ಷದ ಹಿಂದ ಯಾವುದೋ ತಾಯಿ ಬಾಯಿಂದ ಇವರಿಗೆ ಬಂದದ್ದು ಅಂದ್ರು. ಆ ತಾಯಿ ನೀವರಿ. ಇಷ್ಟ ವರ್ಷ ಇವರ ಬಾಯಿ ಕಾಯಕೊಂಡು ಬಂದದ್ದು ನೀವು ಅಗದು ಇಟ್ಟ ರೊಟ್ಟಿ. ನಾ ಇವರನ್ನ ಮದಿವಿ ಆಗೂದರೊಳಗ ನೀವು ಒಮ್ಮೆ ಉಳಿಸಿ ಇಟ್ಟಿದ್ರಿ. ನಾ ಅದನ್ನ ಒಂದು ದಿನಾನೂ ನೆನೀಲಿಲ್ಲ. ಈಗ ನೆನೀತೀನಿ. ಇನ್ನೊಮ್ಮೆ ಉಳಿಸಿ ಕೊಡ್ರಿ ಅಕ್ಕಾರ, ಕಾಲಿಗೆ ಬೀಳ್ತೀನಿ."

ಬಗ್ಗಿದವಳನ್ನು ತುಳಜಕ್ಕ ರಟ್ಟೆ ಹಿಡಿದು ಎತ್ತಿದಳು. "ಥೂ, ದವಾಖಾನ್ಯಾಗ ಕಾಲಿಗೆ ಬೀಳ್ತೀಯಲ್ಲ, ನೆಲಾ ಎಷ್ಟ ಹೊಲಸ ಐತಿ ನೋಡು," ಎಂದು ಗದರಿದಳು. ಗದರುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಫೀಸಾ ಅವರ ಮುಂದೆ ಹೋಗಿ ಬಾಯಿ ತೆರೆದು ಕೂತಳು.

ಕೆಲವು ದಿನ ಕಳೆದು, ಪ್ರಯೋಗಾಲಯದಲ್ಲಿ ಬೆಳೆಸಿದ ಆ ತಳಿ ಚಿಕ್ಕ ಸೀಸೆಯಲ್ಲಿ ಹಾಲಿನ ಬಣ್ಣದ ರಸವಾಗಿ ಕೆಳಗಿನ ವಾರ್ಡಿಗೆ ಬಂತು. ಸಾಂಬಪ್ಪ ಮಂಚದ ಮೇಲೆ ಮಲಗಿದ್ದ, ನೆತ್ತರು ಕೊಳವೆಯಲ್ಲಿ ಹೋಗಿ ಬರುತ್ತಿತ್ತು, ಪಹರೆ ತನ್ನ ಪಾಡಿಗೆ ಕಾಯುತ್ತಿತ್ತು. ಅಕ್ಕಪಕ್ಕದ ಮಂಚಗಳಲ್ಲಿದ್ದವರು ಕುತ್ತಿಗೆ ಚಾಚಿ ನೋಡುತ್ತಿದ್ದರು. ನಫೀಸಾ ಕೈಗವಸು ತೊಟ್ಟು ಮೆತ್ತನೆಯ ಕುಂಚವನ್ನು ರಸದಲ್ಲಿ ಅದ್ದಿದರು.

ಆ ರಸ ಬೇರೂರಿತು. ಸಾಂಬಪ್ಪನ ಕವಾಟದ ಬಾವು ಇಳಿಯಿತು, ಆಮೇಲೆ ಅವನ ಪರದೆ ಕೆಂಪಾಗಲಿಲ್ಲ. ಗುಳೇದಗುಡ್ಡದ ಮಗ್ಗಗಳಿಗೆ ಲಾಳಿಯ ನೂಲು ಎಳೆಯುವ ಸಣ್ಣ ಕೊಕ್ಕೆ ಬಂತು. ಅದೇ ತಳಿ ಎಷ್ಟೋ ಊರುಗಳ ಡಯಾಲಿಸಿಸ್ ಕೇಂದ್ರಗಳಿಗೆ ಹೋಯಿತು, ಯಾರೆಂದು ಗೊತ್ತಿಲ್ಲದವರೆಲ್ಲ ತುಳಜಕ್ಕನ ಹೆಸರಿನಲ್ಲಿ ದೇವರಿಗೆ ಕೈಮುಗಿದರು. ಅದೆಲ್ಲ ಆಮೇಲಿನ ಮಾತು. ಆ ಹೊತ್ತಿನಲ್ಲಿ ಅದು ನಿಲ್ಲುತ್ತದೋ ಇಲ್ಲವೋ ಎಂಬುದು ಆ ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೋಡೆಯ ಹತ್ತಿರ ನಿಂತಿದ್ದ ತುಳಜಕ್ಕ ಮುಂದೆ ಬಂದಳು. "ಇತ್ತ ಕೊಡ್ರಿ ಡಾಕ್ಟರವ್ರ," ಎಂದಳು. ನಫೀಸಾ ಒಂದು ಗಳಿಗೆ ಯೋಚಿಸಿ, ಅವಳ ಕೈ ತೊಳೆಸಿ, ಗವಸು ತೊಡಿಸಿ, ಬಾಯಿಗೆ ಮಾಸ್ಕು ಕಟ್ಟಿ, ಕುಂಚ ಕೊಟ್ಟರು. ಪಾರವ್ವ ಗಂಡನ ಪಾದದ ಮೇಲೆ ಕೈಯಿಟ್ಟು ನಿಂತಿದ್ದಳು. ನಫೀಸಾರ ಮೇಲೆ, ಆ ಬೆಂಕಿಪೊಟ್ಟಣದಂಥ ಯಂತ್ರದ ಮೇಲೆ, ಈ ಮುದುಕಿಯ ಮೇಲೆ ಅವಳಿಗೆ ಎಷ್ಟು ಪ್ರೀತಿ ಉಕ್ಕಿ ಬಂತೆಂದರೆ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ತುಳಜಕ್ಕ ತಮ್ಮನ ಗದ್ದ ಹಿಡಿದಳು.

"ಆ... ಅನ್ನು ತಮ್ಮಾ."

ಸಾಂಬಪ್ಪ ಬಾಯಿ ತೆರೆದ.